ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಐದಾರು ಜನ ಬಿಟ್ಟರೆ ಯಾರೂ ಮಾತಾಡುವುದಿಲ್ಲ, ಏನು ಮಾಡುವುದು?

ಇನ್ನೂರು ಚಿಲ್ಲರೆ ಸದಸ್ಯರಿದ್ದರೂ ಮಾತಾಡುವವರು ಐದಾರು ಮಂದಿ, ಉಳಿದದ್ದೆಲ್ಲ ಶುಭೋದಯದ ಹೂವು ಅಂದಿದ್ದೀರಿ. ಅದಕ್ಕೆ ಅಷ್ಟು ಬೇಸರ ಬೇಡ. ಇಂಥ ಗುಂಪುಗಳಲ್ಲಿ 100ಕ್ಕೆ 90 ಜನ ಓದಿ ಸುಮ್ಮನಿರುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಒಬ್ಬರು ಮಾತ್ರ ಸದಾ ಬರೆಯುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲೇ ಬರೆದಿದ್ದರು. ಓದುವ 90 ಜನರನ್ನು ಅವರ ಪಾಡಿಗೆ ಬಿಡಿ. ಆಗೀಗ ಬಾಯಿ ಬಿಡುವ ಆ 9 ಜನ ಯಾಕೆ ಹಿಂಜರಿಯುತ್ತಾರೆ ಎಂಬುದನ್ನು ನೋಡಿ.

ಊರಿನ ಗುಂಪಿನಲ್ಲಿ ಕಾರಣ ಒಂದೇ: ಮಾನ. ಇಲ್ಲಿ ನಗೆಪಾಟಲಾದರೆ ನಾಳೆ ಸೊಸೈಟಿಯಲ್ಲಿ ಅದೇ ಮುಖಗಳನ್ನು ನೋಡಬೇಕು. ಹೊಸಬರೊಬ್ಬರು "ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆದರೂ ಕೊಳೆ ರೋಗ ಬಂತು, ಯಾಕೆ?" ಎಂದು ಕೇಳಿದಾಗ ಹಿರಿಯರೊಬ್ಬರು "ಇಷ್ಟೂ ಗೊತ್ತಿಲ್ವಾ ಮಾರಾಯ" ಅಂದರೆ, ಕೇಳಬೇಕೆಂದಿದ್ದ ಇನ್ನೂ ಹತ್ತು ಜನ ಅಲ್ಲಿಗೇ ಫೋನ್ ಜೇಬಿಗಿಡುತ್ತಾರೆ. ಆದ್ದರಿಂದ ಅಡ್ಮಿನ್‌ನ ಮೊದಲ ಕೆಲಸ, ಹೊಸಬರ ಪ್ರಶ್ನೆ ಒಂದು ದಿನಕ್ಕಿಂತ ಹೆಚ್ಚು ಅನಾಥವಾಗಿ ಬೀಳದಂತೆ ನೋಡಿಕೊಳ್ಳುವುದು. ಉತ್ತರ ಗೊತ್ತಿಲ್ಲದಿದ್ದರೆ ಮರುಪ್ರಶ್ನೆ ಹಾಕಿ: 100 ಲೀಟರ್ ನೀರಿಗೆ ಮೈಲುತುತ್ತು, ಸುಣ್ಣ ಒಂದೊಂದು ಕಿಲೋ ಹಾಕಿದ್ರಾ? ಕಬ್ಬಿಣದ ಚೂರಿ ಅದ್ದಿ ನೋಡಿದ್ರಾ, ಕೆಂಪು ಲೇಪ ಬಂತಾ? (ಬಂದರೆ ಸುಣ್ಣ ಸಾಲದು.) ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆಯೋ ಆಮೇಲೋ? ಎರಡನೆಯದು 40-45 ದಿನಕ್ಕೆ ಆಯ್ತಾ? ಹೀಗೆ ಕೇಳಿದರೆ ತಪ್ಪು ಮನುಷ್ಯನದ್ದಲ್ಲ, ಅಳತೆಯದ್ದು ಎಂದಾಗುತ್ತದೆ. ಸುಮ್ಮನಿದ್ದ ಇನ್ನಿಬ್ಬರು ತಮ್ಮ ಅಳತೆ ಹೇಳಲು ಮುಂದೆ ಬರುತ್ತಾರೆ. ಕನ್ನಡ ಟೈಪ್ ಮಾಡುವುದು ಕಷ್ಟವಾದವರಿಗೆ ಒಂದು ನಿಮಿಷದೊಳಗಿನ ಧ್ವನಿ ಸಂದೇಶ ಸಾಕು ಅನ್ನಿ. ಹೆಸರು ಹೇಳಲು ಮುಜುಗರವಿದ್ದವರ ಪ್ರಶ್ನೆಯನ್ನು ನೀವೇ "ಒಬ್ಬ ಸದಸ್ಯರು ಕೇಳಿದ್ದಾರೆ" ಎಂದು ಹಾಕಿ.

ಪೋಲ್ ಹಾಕುವುದು ಸುಲಭದ ದಾರಿ: "ಮೊದಲ ಬೋರ್ಡೋ ಆಯ್ತಾ? ಆಯ್ತು / ಈ ವಾರ / ಕೊನೆಗಾರ (ಮರ ಹತ್ತುವವ) ಸಿಕ್ಕಿಲ್ಲ." ಒಂದಕ್ಷರ ಬರೆಯದವರೂ ಇದನ್ನು ಒತ್ತುತ್ತಾರೆ. ಆದರೆ ಯಾರು ಯಾವುದನ್ನು ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಸಾಲ, ದಾಸ್ತಾನು, ಇಳುವರಿ ಇವನ್ನೆಲ್ಲ ಪೋಲಿನಲ್ಲಿ ಕೇಳಲೇಬೇಡಿ.

ನಂಬಿಕೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು ದರ. "ರಾಶಿ ಅಡಿಕೆ ದರ ಏರಿದೆ" ಎಂಬ ಫಾರ್ವರ್ಡ್ ನಂಬಿ ಯಾರೋ ಮಾಲು ಹಿಡಿದಿಟ್ಟರೆ ಆಮೇಲೆ ಗುಂಪಿನ ಒಂದು ಮಾತನ್ನೂ ನಂಬುವುದಿಲ್ಲ. ಮಾರುಕಟ್ಟೆ, ತಾರೀಕು, ಅಡಿಕೆಯ ಬಗೆ (ರಾಶಿಯೋ ಬೆಟ್ಟೆಯೋ ಚಾಲಿಯೋ), ಕ್ವಿಂಟಾಲಿಗೆ ಕನಿಷ್ಠ-ಗರಿಷ್ಠ, ಈ ನಾಲ್ಕೂ ಇಲ್ಲದ ದರ ಬೇಡ ಎಂದು ನಿಯಮ ಮಾಡಿ. ಇನ್ನೊಂದು, ಎಲೆಚುಕ್ಕಿ ರೋಗದ ಫೋಟೋ ಬಿದ್ದ ಕೂಡಲೇ ಔಷಧಿ ಅಂಗಡಿಯವರು ಕಂಪನಿ ಹೆಸರು ಹೇಳುವುದು. ಅವರನ್ನು ಹೊರಗೆ ಹಾಕಬೇಡಿ, ಅವರಿಗೆ ಗೊತ್ತಿರುವುದು ಬಹಳ. "ನಾನು ಮಾರುತ್ತೇನೆ" ಎಂದು ಮೊದಲೇ ಬರೆದು, ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು ಮತ್ತು ಪ್ರಮಾಣ ಕೊಡಲಿ.

ಕೇಸು ಬೀಳಬಹುದೆಂಬ ಹೆದರಿಕೆಗೆ ಕೆಲವು ಅಡ್ಮಿನ್‌ಗಳು ಗುಂಪನ್ನೇ "ಅಡ್ಮಿನ್ ಮಾತ್ರ" ಮಾಡಿಬಿಡುತ್ತಾರೆ. ಅದು ಚರ್ಚೆಗೆ ಬೀಗ ಹಾಕಿದಂತೆ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಬೇಡದ್ದನ್ನು ಅಳಿಸಿ. ಆದರೆ ಅಡ್ಮಿನ್ ಅಳಿಸಿದ್ದಾರೆ ಎಂಬ ಗುರುತು ಅಲ್ಲೇ ಉಳಿಯುತ್ತದೆ, ಜನ ಊಹೆ ಶುರು ಮಾಡುತ್ತಾರೆ. "ತಾರೀಕಿಲ್ಲದ ದರ, ಅಳಿಸಿದೆ" ಎಂದು ಒಂದು ಸಾಲು ಹಾಕಿ. ಬುದ್ಧಿಮಾತು ಮಾತ್ರ ಫೋನ್ ಮಾಡಿಯೇ ಹೇಳಿ. ನಿಮ್ಮ ಭಾವನೇ ನಿಯಮ ಮುರಿದರೂ ಅದೇ ಸಾಲು ಬೀಳಬೇಕು. ಜನ ನೋಡುತ್ತಿರುವುದು ಅದನ್ನೇ.

ಯಾರನ್ನಾದರೂ ಗುಂಪಿಗೆ ಸೇರಿಸುವ ಮುನ್ನ ಅವರನ್ನು ಒಂದು ಮಾತು ಕೇಳಿ, ಯಾಕೆಂದರೆ ಅವರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ತೋಟ ನೋಡಿಕೊಳ್ಳುವ ಹೆಂಗಸರು ಗುಂಪಿಗೆ ಬರಲು ಹಿಂಜರಿಯುವುದು ಹೆಚ್ಚಾಗಿ ಇದಕ್ಕೇ. ಲಿಂಕ್ ಹಂಚಿದ್ದರೆ ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಹಾಕಿ, ಹಳೆಯ ಲಿಂಕನ್ನು ರೀಸೆಟ್ ಮಾಡಿ. ಶುಭೋದಯಕ್ಕೆ ಬೇಕಾದರೆ ಇನ್ನೊಂದು ಗುಂಪು ಮಾಡಿಕೊಡಿ, ಅಲ್ಲಿ ಹೂವು ಎಷ್ಟಾದರೂ ಅರಳಲಿ.