ಕಟಿಂಗ್ ಮೆಷಿನ್‌ನಲ್ಲಿ ಮಾಡಿದ ಗಿಫ್ಟ್ ಬಾಕ್ಸ್: ಫೈಲ್ ಚಿಕ್ಕದು ಮಾಡಿದರೆ ಮುಚ್ಚಳ ಯಾಕೆ ಕೂರುವುದಿಲ್ಲ?

ದೊಡ್ಡ ಬಾಕ್ಸ್ ಚೆನ್ನಾಗಿ ಬಂತು, ಮೆಷಿನ್‌ಗೆ ಕೊಡುವ ಅದೇ ಡಿಸೈನ್ ಫೈಲನ್ನು ಅರ್ಧಕ್ಕೆ ಇಳಿಸಿ ಕತ್ತರಿಸಿದರೆ ಮುಚ್ಚಳ ಇಳಿಯುತ್ತಲೇ ಇಲ್ಲ, ಮಡಿಸಿದ ಕಡೆ ಬಿಳಿ ಬಿರುಕು ಬೇರೆ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಬ್ಲೇಡ್ ಸರಿಯಿಲ್ಲ ಅಂದುಕೊಂಡು ಆರೇಳು ಹಾಳೆ ಹಾಳು ಮಾಡಿದ್ದೆ. ಮೆಷಿನ್‌ದು ಏನೂ ತಪ್ಪಿಲ್ಲ. ಬಾಕ್ಸ್ ಅರ್ಧ ಆಯಿತು, ಕಾಗದದ ದಪ್ಪ ಅರ್ಧ ಆಗಲಿಲ್ಲ.

ಲೆಕ್ಕ ಹಾಕಿ ನೋಡೋಣ. ತಳದ ಡಬ್ಬಿ 80 ಮಿ.ಮೀ. ಚೌಕ, 40 ಮಿ.ಮೀ. ಎತ್ತರ ಇರಲಿ. ಮುಚ್ಚಳ 82 ಚೌಕ, 25 ಎತ್ತರ. 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಆಸುಪಾಸಿನ ಕಾರ್ಡ್‌ಸ್ಟಾಕ್, ಅಂದರೆ ದಪ್ಪ ಕಾಗದ, ಸುಮಾರು 0.3 ಮಿ.ಮೀ. ದಪ್ಪ ಇರುತ್ತದೆ. ಮುಚ್ಚಳದ ಮೂಲೆಯಲ್ಲಿ ಒಳಗೆ ಮಡಿಸಿ ಅಂಟಿಸುವ ಕಿವಿಗಳು ಇರುತ್ತವಲ್ಲ, ಅವು ಎರಡೂ ಬದಿಯಲ್ಲಿ ಒಂದೊಂದು ಪದರ ಜಾಗ ತಿನ್ನುತ್ತವೆ. ಗೋಡೆಗಳ ದಪ್ಪವೂ ಸೇರಿದರೆ ಹತ್ತಿರ ಹತ್ತಿರ ನಾಲ್ಕು ಪದರ, ಅಂದರೆ 1.2 ಮಿ.ಮೀ. ಹೋಯಿತು. ಉಳಿದ 0.8 ಮಿ.ಮೀ. ಸಡಿಲದಲ್ಲಿ ಮುಚ್ಚಳ ಜಾರುತ್ತದೆ. ಈಗ ಎಲ್ಲವನ್ನೂ ಅರ್ಧ ಮಾಡಿ. ತಳ 40, ಮುಚ್ಚಳ 41. ವ್ಯತ್ಯಾಸ ಒಂದೇ ಮಿ.ಮೀ., ಆದರೆ ಕಾಗದಕ್ಕೆ ಬೇಕಾದದ್ದು ಇನ್ನೂ ಅದೇ 1.2. ಹೇಗೆ ಇಳಿಯಬೇಕು? ದುಪ್ಪಟ್ಟು ಮಾಡಿದ್ದರೆ ಉಲ್ಟಾ, 4 ಮಿ.ಮೀ. ಅಂತರ ಬಂದು ಮುಚ್ಚಳ ಲೊಡಲೊಡ ಅನ್ನುತ್ತಿತ್ತು.

ಹಾಗಾಗಿ ತಳವನ್ನೂ ಮುಚ್ಚಳವನ್ನೂ ಒಟ್ಟಿಗೆ ಚಿಕ್ಕದು ಮಾಡಬೇಡಿ. ಮೊದಲು ತಳ ಮಾತ್ರ ಕತ್ತರಿಸಿ, ಅಂಟಿಸಿ, ಒಣಗಲು ಬಿಡಿ. ಆಮೇಲೆ ಹೊರಗಿನ ಅಳತೆ ತೆಗೆದುಕೊಳ್ಳಿ. ಸ್ಕ್ರೀನ್ ಮೇಲಿನ ಅಳತೆ ನಂಬುವುದಕ್ಕಿಂತ ಕೈಯಲ್ಲಿರುವ ಡಬ್ಬಿಯನ್ನು ಅಳೆಯುವುದು ವಾಸಿ. ಅದಕ್ಕೆ 2 ಮಿ.ಮೀ. ಸೇರಿಸಿ ಮುಚ್ಚಳದ ಚೌಕ ಇಡಿ. ನನ್ನ ಉದಾಹರಣೆಯಲ್ಲಿ ಅರ್ಧ ಮಾಡಿದ ಮುಚ್ಚಳ ಪೂರ್ತಿ ಬಿಚ್ಚಿಟ್ಟಾಗ 66 ಮಿ.ಮೀ. ಅಗಲ (ನಡುವಿನ ಚೌಕ 41, ಎರಡು ಬದಿಯ ಗೋಡೆ 12.5 ರಂತೆ). ಅದನ್ನು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ 67.6 ಮಾಡಿದರೆ ನಡುವಿನ ಚೌಕ 42 ಆಗುತ್ತದೆ. ನೋಡೋಕೆ ಏನೂ ವ್ಯತ್ಯಾಸ ಕಾಣಲ್ಲ, ಆದರೆ ಮುಚ್ಚಳ ಕೂರುತ್ತದೆ. ಕ್ರಿಕಟ್ ಕಂಪನಿಯ ಕಟಿಂಗ್ ಮೆಷಿನ್ ಬಳಸುತ್ತಿದ್ದರೆ ಸ್ಕೋರ್ ಗೆರೆಗಳನ್ನೂ (ಮಡಿಸಲು ಕಾಗದದ ಮೇಲೆ ಒತ್ತುವ ತಗ್ಗು ಗೆರೆಗಳು) ಆಕಾರವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಅದರ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಜೋಡಿಸಿಡುವ ಅಟ್ಯಾಚ್ ಬಟನ್ ಒತ್ತಲು ಮರೆಯಬೇಡಿ. ಇಲ್ಲದಿದ್ದರೆ ಗೆರೆ ಎಲ್ಲೋ, ಡಬ್ಬಿ ಎಲ್ಲೋ ಆಗುತ್ತದೆ.

ಇನ್ನು ಬಿರುಕಿನ ವಿಷಯ. ನಿಮ್ಮ ಕಾಗದದ ಒಂದು ಅಂಚನ್ನು ಸ್ವಲ್ಪ ಹರಿದು ನೋಡಿ. ಒಳಗೆ ಬಿಳಿ ಕಂಡರೆ ಬಣ್ಣ ಬರೀ ಮೇಲ್ಪದರದಲ್ಲಿದೆ ಅಂತ ಅರ್ಥ. ಅಂಥ ಹಾಳೆ ಮಡಿಸಿದಾಗ ಮೇಲ್ಪದರ ಸೀಳಿ ಬಿಳಿ ಇಣುಕುತ್ತದೆ. ಒಳಗೂ ಅದೇ ಬಣ್ಣ ಇರುವ ಹಾಳೆ ತಂದರೆ ಬಿರುಕು ಬಿಟ್ಟರೂ ಕಾಣುವುದಿಲ್ಲ. ಇರುವುದನ್ನೇ ಬಳಸಬೇಕು ಅಂದರೆ ಸ್ಕೋರ್ ಗೆರೆ ಎರಡು ಸಲ ಹೋಗುವಂತೆ ಮಾಡಿ. ಚೆಂದದ ಮುಖ ಮೇಲೆ ಬರುವಂತೆ ಮ್ಯಾಟ್ (ಕತ್ತರಿಸುವಾಗ ಹಾಳೆ ಹಿಡಿದಿಡುವ ಅಂಟಂಟು ಹಲಗೆ) ಮೇಲೆ ಅಂಟಿಸಿ, ಕತ್ತರಿಸಿದ ಮೇಲೆ ಗೆರೆಯ ತಗ್ಗು ಹೊರಗೆ ಉಳಿಯುವಂತೆ ಹಿಂದಕ್ಕೆ ಮಡಿಸಿ. ತಗ್ಗಿನ ಒಳಕ್ಕೆ ಮಡಿಸುವುದು ಸುಲಭ ಅನಿಸುತ್ತದೆ, ಆದರೆ ಉಬ್ಬು ಹೊರಗೆ ಬಂದು ಅಲ್ಲೇ ಒಡೆಯುತ್ತದೆ. ಒಂದೇ ಏಟಿಗೆ ಮಡಿಸಬೇಡಿ. ಮೊದಲು ಅರ್ಧ ಬಾಗಿಸಿ, ಆಮೇಲೆ ಚಮಚದ ಹಿಂಬದಿಯಿಂದ ಗೆರೆಯುದ್ದಕ್ಕೂ ಉಜ್ಜಿ.

ಮ್ಯಾಟ್‌ನಿಂದ ಕಾಗದ ಎಳೆದು ತೆಗೆಯಬೇಡಿ, ಸುರುಳಿಯಾಗುತ್ತದೆ. ಮ್ಯಾಟನ್ನೇ ಬೋರಲು ಹಾಕಿ, ಒಂದು ಮೂಲೆ ಹಿಡಿದು ಮೇಲಕ್ಕೆ ಬಾಗಿಸುತ್ತಾ ಹೋದರೆ ಹಾಳೆ ತಾನಾಗಿ ಮೇಜಿಗೆ ಬೀಳುತ್ತದೆ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಡಬಲ್ ಸೈಡ್ ಟೇಪ್ ಬೇಡ. ಒಮ್ಮೆ ಕೂತರೆ ಅಲ್ಲಾಡಿಸಲು ಆಗುವುದಿಲ್ಲ, ಮೂಲೆ ಅರ್ಧ ಮಿ.ಮೀ. ಸೊಟ್ಟಗಾದರೂ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಬಿಳಿ ಗಮ್ ಹಚ್ಚಿದರೆ ಸರಿಪಡಿಸಲು ಸ್ವಲ್ಪ ಹೊತ್ತು ಸಿಗುತ್ತದೆ. ಕಾಗದದ ಚೂರಿನಿಂದ ತೆಳ್ಳಗೆ ಹರಡಿ, ಕ್ಲಿಪ್ ಹಾಕಿಡಿ. ದಪ್ಪಗೆ ಹಚ್ಚಿದರೆ ಕಿವಿ ಉಬ್ಬಿ, ಮೇಲೆ ಬಿಟ್ಟ 0.8 ಮಿ.ಮೀ. ಅಲ್ಲೇ ಮುಗಿಯುತ್ತದೆ.

ಎಲ್ಲ ಆದ ಮೇಲೆ ಮುಚ್ಚಳ ಮೇಲಿಟ್ಟು ಕೈ ಬಿಡಿ. ಒಳಗಿನ ಗಾಳಿ ಹೊರಗೆ ಹೋಗುತ್ತಾ ಅದು ಮೆಲ್ಲಗೆ ಇಳಿದರೆ ಅಳತೆ ಸರಿ ಇದೆ. ತೆರೆಯುವಾಗ ಬಿಗಿ ಅನಿಸಿದರೆ ಮುಂದಿನ ಸಲ ಮುಚ್ಚಳದ ಎದುರುಬದುರು ಅಂಚಿನಲ್ಲಿ ಬೆರಳು ಹಿಡಿಯುವಷ್ಟು ಅರ್ಧ ಚಂದ್ರದ ಕಚ್ಚು ಸೇರಿಸಿ.