ಸ್ಯಾನ್ ಫ್ರಾನ್ಸಿಸ್ಕೋದ ವಿಕ್ಟೋರಿಯನ್ (ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯ) ಮನೆಗಳ ಮುಂಭಾಗದಲ್ಲಿ ಅಷ್ಟೊಂದು ಕುಸುರಿ ಏಕೆ?

ಏಕೆಂದರೆ ಆ ಕುಸುರಿ ಅಗ್ಗವಾಗಿತ್ತು. ನೋಡಿದವರಿಗೆ ಬಡಗಿಯೊಬ್ಬ ತಿಂಗಳುಗಟ್ಟಲೆ ಕುಳಿತು ಕೆತ್ತಿದಂತೆ ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಯಂತ್ರದ ಕೆಲಸ. 19ನೇ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಕಾಡುಗಳಿಂದ ರೆಡ್‌ವುಡ್ ಮರ ಹೇರಳವಾಗಿ ಬರುತ್ತಿತ್ತು. ಕೊರೆಯಲು ಮೃದು, ಗೆದ್ದಲಿಗೂ ಸುಲಭಕ್ಕೆ ಬಗ್ಗದು. ಉಗಿಯಿಂದ ಓಡುವ ಗರಗಸ ಮತ್ತು ಕಡೆಯುವ ಯಂತ್ರಗಳಿದ್ದ ಕಾರ್ಖಾನೆಗಳು ಕಂಬ, ಕಟಕಟೆ, ಸೂರಂಚಿನ ಜಾಲರಿ, ಮರದ ಹೂಗಳನ್ನು ರಾಶಿ ಹಾಕುತ್ತಿದ್ದವು. ಬೇಕಾದದ್ದನ್ನು ಆರಿಸಿ ತಂದು ಮೊಳೆ ಹೊಡೆಸಿದರಾಯಿತು. ಠೀವಿಯೆಲ್ಲ ಬೀದಿಗೆ ಕಾಣುವ ಗೋಡೆಗೆ ಮಾತ್ರ. ಮಗ್ಗುಲಿನ ಸಂದಿಯಲ್ಲಿ ಇಣುಕಿದರೆ ಬಹುಪಾಲು ಬೋಳು ಹಲಗೆ.

ಮುಂದಕ್ಕೆ ಉಬ್ಬಿದ ಕಿಟಕಿಗಳ ಕಥೆ ಬೇರೆ, ಅವು ಬರೀ ಶೋಕಿಯಲ್ಲ. ನಿವೇಶನಗಳ ಅಗಲ ಸಾಮಾನ್ಯವಾಗಿ 25 ಅಡಿ. ಮನೆಗೆ ಮನೆ ಒತ್ತಿಕೊಂಡಿದ್ದರಿಂದ ಪಕ್ಕದಿಂದ ಬೆಳಕು ಬರುವಂತಿರಲಿಲ್ಲ. ಕಿಟಕಿಯನ್ನು ಬೀದಿಯತ್ತ ಚಾಚಿದರೆ ಮೂರು ದಿಕ್ಕಿನಿಂದ ಬೆಳಕು, ಜೊತೆಗೆ ಕೋಣೆಗೆ ಒಂದಿಷ್ಟು ಜಾಗ. ಮಂಜು ಮುಸುಕುವ ಆ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಅದೇ ಊರಿನ ಅಲಾಮೋ ಸ್ಕ್ವೇರ್ ಉದ್ಯಾನದ ಎದುರಿನ ಮನೆಸಾಲಿನ ಚಿತ್ರಗಳನ್ನು ನೀವು ನೋಡಿರಬಹುದು. ಆ ಮನೆಗಳು 1890ರ ದಶಕದವು ನಿಜ, ಆದರೆ ಬಣ್ಣಗಳೂ ಆ ಕಾಲದವೇ ಎಂದುಕೊಳ್ಳಬೇಡಿ. ಮಹಾಯುದ್ಧಗಳ ಸಮಯದಲ್ಲಿ ನಗರದ ಎಷ್ಟೋ ಮನೆಗಳಿಗೆ ನೌಕಾಪಡೆಯಲ್ಲಿ ಮಿಕ್ಕಿದ ಬೂದು ಬಣ್ಣವನ್ನೇ ಬಳಿದಿದ್ದರು. ಒಂದೊಂದು ಕುಸುರಿಗೂ ಒಂದೊಂದು ಬಣ್ಣ ಹಚ್ಚುವ ಈಗಿನ ಉತ್ಸಾಹ ಹಬ್ಬಿದ್ದು 1960ರ ದಶಕದಿಂದೀಚೆಗೆ.