ಆರನೇ ಅಧ್ಯಾಯದ ಸುಳ್ಳು

ಮಾನ್ಯರೇ,

ಷಿಕಾಗೋದ ಪಿಲ್ಸೆನ್ ಎಂಬ ಮೆಕ್ಸಿಕನ್ ಬಡಾವಣೆಯಲ್ಲಿ ಹನ್ನೆರಡರಿಂದ ಹದಿನಾರರವರೆಗೆ ಬೆಳೆಯುವ ಗ್ವಾಡಲೂಪೆ ಎಂಬ ಹುಡುಗಿಯ ಕುರಿತ ನಿಮ್ಮ ಕಾದಂಬರಿಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಆರನೇ ಅಧ್ಯಾಯವನ್ನು ಓದಿದ ಮೇಲೆ ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಅಲ್ಲಿ ಮನೆಯ ಮಾಲೀಕ ಬಾಗಿಲಲ್ಲಿ ನಿಂತು, ಕಟ್ಟಡವನ್ನು ಮಾರುತ್ತಿರುವುದಾಗಿಯೂ ಬೇರೆ ಮನೆ ನೋಡಿಕೊಳ್ಳಬೇಕೆಂದೂ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಸ್ಪ್ಯಾನಿಷ್ ಮಾತ್ರ ಬಲ್ಲ ತಾಯಿ, ಮೆಕ್ಕೆಜೋಳದ ಸಿಪ್ಪೆಗೆ ತಮಾಲೆ ಎಂಬ ಕಡುಬಿನ ಹಿಟ್ಟು ಸವರುತ್ತಿದ್ದವಳು, ಮಗಳ ಮುಖ ನೋಡುತ್ತಾಳೆ. "ಗೋಡೆಗೆ ಬಣ್ಣ ಹೊಡೆಸುತ್ತಾರಂತೆ" ಎನ್ನುತ್ತಾಳೆ ಹುಡುಗಿ. "ಯಾವ ಬಣ್ಣವಂತೆ?" ಎಂದು ತಾಯಿ ಕೇಳುತ್ತಾಳೆ. ಅಧ್ಯಾಯ ಅಲ್ಲಿಗೇ ಮುಗಿಯಬೇಕಿತ್ತು. ನೀವು ಇನ್ನೂ ಒಂದೂವರೆ ಪುಟ ಮುಂದುವರಿದು, ಅಂದು ಅವಳ ಬಾಲ್ಯ ಕಳೆದುಹೋಯಿತು ಎಂದು ನಮಗೆ ತಿಳಿಹೇಳುತ್ತೀರಿ. ಆ ಸುಳ್ಳು ಅದನ್ನು ಆಗಲೇ ಹೇಳಿಬಿಟ್ಟಿತ್ತು.

ಉಳಿದೆಡೆ ನೀವು ಬಡಾವಣೆಯನ್ನು ತೋರಿಸುವ ಬದಲು ಪರಿಚಯಿಸುತ್ತೀರಿ. ಚೆಕ್ ವಲಸಿಗರು ತಮ್ಮ ನಾಡಿನ ಊರಿನ ಹೆಸರನ್ನು ಇದಕ್ಕಿಟ್ಟದ್ದು, 1960ರ ದಶಕದಲ್ಲಿ ವಿಶ್ವವಿದ್ಯಾಲಯದ ಆವರಣಕ್ಕಾಗಿ ಪಕ್ಕದ ವಸತಿಯಿಂದ ಎಬ್ಬಿಸಿದ ಮೆಕ್ಸಿಕನ್ ಕುಟುಂಬಗಳು ಇಲ್ಲಿ ನೆಲೆಸಿದ್ದು, ಎಲ್ಲವೂ ನಿಜ. ಆದರೆ ಮೊದಲ ಒಂಬತ್ತು ಪುಟ ಅದಕ್ಕೇ ಹೋಗಿದೆ. ಹುಡುಗಿಯ ಅಜ್ಜಿಯನ್ನೇ ಹಾಗೆ ಎಬ್ಬಿಸಲಾಗಿತ್ತೆಂದು ಇಟ್ಟುಕೊಳ್ಳಿ: ಆಗ ಈ ಚರಿತ್ರೆಯಿಡೀ ಅವಳ ಒಂದು ಮಾತಿನಲ್ಲಿ ಬಂದುಬಿಡುತ್ತದೆ, ಮೊಮ್ಮಗಳ ಸುಳ್ಳಿಗೂ ಭಾರ ಬರುತ್ತದೆ.

ಹದಿನೈದು ತುಂಬಿದ ಹುಡುಗಿಗೆ ಮಾಡುವ ಕಿನ್ಸೆಯಾನ್ಯೆರಾ ಸಮಾರಂಭವನ್ನು ನೀವು ನಮ್ಮಲ್ಲಿ ಮೈನೆರೆದವಳಿಗೆ ಮಾಡುವ ಆರತಿಗೆ ಹೋಲಿಸಿದ್ದೀರಿ. ಹೋಲಿಕೆ ತಪ್ಪು. ಅದು ದೇಹ ಗೊತ್ತುಮಾಡುವ ದಿನವಲ್ಲ, ವಯಸ್ಸು ಗೊತ್ತುಮಾಡುವ ದಿನ. ಸಾಮಾನ್ಯವಾಗಿ ಇಗರ್ಜಿಯ ಪೂಜೆಯಿಂದ ಆರಂಭವಾಗುತ್ತದೆ. ತಂದೆ ಮಗಳ ಚಪ್ಪಟೆ ಪಾದರಕ್ಷೆ ಬಿಚ್ಚಿ ಎತ್ತರದ ಹಿಮ್ಮಡಿಯದನ್ನು ತೊಡಿಸುವುದನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿ, ಗೌನಿನ ವರ್ಣನೆಗೆ ಮೂರು ಪುಟ ಕೊಟ್ಟಿದ್ದೀರಿ. ಗೌನಿಗೆ ಒಬ್ಬರು, ಕೇಕಿಗೆ ಒಬ್ಬರು, ಸಭಾಂಗಣದ ಬಾಡಿಗೆಗೆ ಒಬ್ಬರು ಎಂದು ಬಂಧುಬಳಗದವರು 'ಪದ್ರೀನೊ'ಗಳಾಗಿ ಖರ್ಚು ಹಂಚಿಕೊಳ್ಳುವ ರೂಢಿ ಅಲ್ಲಿದೆಯಲ್ಲ, ಮನೆ ಕಳೆದುಕೊಂಡ ಈ ಸಂಸಾರಕ್ಕೆ ಯಾರು ಮುಂದೆ ಬಂದರು, ಯಾರು ನೆಪ ಹೇಳಿದರು? ನನಗೆ ಬೇಕಾದದ್ದು ಆ ಲೆಕ್ಕ.

ತಾಯಿಯ ಮಾತಿನ ಕನ್ನಡವನ್ನು ತಿದ್ದಲೇಬೇಕು. "ಮಗಳೇ, ಬದುಕೆಂಬುದು ನಿರಂತರ ಹೋರಾಟ" ಎಂದು ಒಲೆಯ ಮುಂದೆ ನಿಂತ ಯಾವ ದೇಶದ ತಾಯಿಯೂ ಹೇಳುವುದಿಲ್ಲ. ಅವರ ಸ್ಪ್ಯಾನಿಷ್ ಆಡುಮಾತು, ಅದಕ್ಕೆ ನಿಮ್ಮ ಮನೆಯ ಆಡುಗನ್ನಡವೇ ಸಾಕು.

ಇನ್ನೆರಡು ಸಣ್ಣ ಸಂಗತಿಗಳು. 1994ರಲ್ಲಿ ನಿಮ್ಮ ಹುಡುಗಿ ಪಿಂಕ್ ಲೈನ್ ರೈಲು ಹತ್ತುತ್ತಾಳೆ. ಆ ಹೆಸರಿನ ಮಾರ್ಗ ಆರಂಭವಾದದ್ದು 2006ರಲ್ಲಿ, ಅದಕ್ಕೆ ಮುಂಚೆ ಪಿಲ್ಸೆನ್ನಿನ ಹದಿನೆಂಟನೇ ಬೀದಿಯ ನಿಲ್ದಾಣಕ್ಕೆ ಬರುತ್ತಿದ್ದದ್ದು ಬ್ಲೂ ಲೈನಿನ ಕವಲು. ಎರಡನೆಯದು ನನ್ನನ್ನು ಹೆಚ್ಚು ಕಾಡಿತು: ಮೆಕ್ಸಿಕನ್ನರು ಆರಾಧಿಸುವ ಮೇರಿಯಮ್ಮನ ರೂಪವಾದ ಗ್ವಾಡಲೂಪೆ ಮಾತೆಯ ಹೆಸರನ್ನು ಹುಡುಗಿಗೆ ಇಟ್ಟಿದ್ದೀರಿ, ನಾಲ್ಕು ವರ್ಷಗಳ ಕಥೆಯಲ್ಲಿ ಆ ಮಾತೆಯ ಹಬ್ಬವಾದ ಡಿಸೆಂಬರ್ 12 ಒಮ್ಮೆಯೂ ಬರುವುದಿಲ್ಲ.

ಇಡೀ ಹಸ್ತಪ್ರತಿಯನ್ನು ಮತ್ತೆ ಕಳಿಸಬೇಡಿ. ಆರನೇ ಅಧ್ಯಾಯವನ್ನೇ ಮೊದಲನೆಯದಾಗಿಸಿ, ಆ ಸುಳ್ಳು ಬಯಲಾಗುವವರೆಗಿನ ದಿನಗಳನ್ನಷ್ಟೇ ಬರೆದು ಕಳಿಸಿ.

ಇತಿ,
ಸಂಪಾದಕ